ಸೈಟೋಸ್ಕೆಲಿಟನ್: ಜೀವಕೋಶದೊಳಗಿನ ಹಂದರ

ಮಳೆಗಾಲದಲ್ಲಿ ಮಲೆನಾಡಿನ ಬೇಲಿಗಳ ಮೇಲೆ ಹಬ್ಬಿ ಅರಳುವ ಗೌರಿ ಹೂವಿಗೆ ಅಗ್ನಿಶಿಖೆ ಎಂಬ ಹೆಸರೂ ಇದೆ. ನೋಡಲು ಚೆಂದ, ಆದರೆ ಅದರ ಗೆಡ್ಡೆ ಮತ್ತು ಬೀಜ ಕಡು ವಿಷ. ವಿಷದ ಹೆಸರು ಕಾಲ್ಚಿಸಿನ್. ಗೆಡ್ಡೆ ತಿಂದವರಿಗೆ ಮೊದಲು ವಾಂತಿ, ಭೇದಿ ಶುರುವಾಗುತ್ತದೆ. ಕೆಲವು ದಿನಗಳಲ್ಲಿ ರಕ್ತಕಣಗಳ ಸಂಖ್ಯೆ ಕುಸಿಯುತ್ತದೆ. ಬದುಕಿ ಉಳಿದವರಿಗೆ ಮುಂದೆ ಕೂದಲು ಉದುರುತ್ತದೆ. ಕರುಳಿನ ಒಳಪದರ, ಮೂಳೆಯ ಮಜ್ಜೆ, ಕೂದಲಿನ ಬುಡ, ಹೀಗೆ ಮೇಲುನೋಟಕ್ಕೆ ಸಂಬಂಧವೇ ಇಲ್ಲದ ಮೂರು ಜಾಗಗಳಿಗೆ ಒಂದೇ ವಿಷ ಏಟು ಕೊಡುತ್ತದೆ. ಈ ಮೂರೂ ಕಡೆ ಜೀವಕೋಶಗಳು ಬಿಡುವಿಲ್ಲದೆ ಒಡೆದು ಎರಡಾಗುತ್ತಿರುತ್ತವೆ ಎಂಬುದೇ ಅದರ ಗುಟ್ಟು. ಕಾಲ್ಚಿಸಿನ್ ಹೋಗಿ ಅಂಟಿಕೊಳ್ಳುವುದು ಟ್ಯೂಬ್ಯುಲಿನ್ ಎಂಬ ಪ್ರೋಟೀನಿಗೆ. ಅದು ಕೆಲಸ ನಿಲ್ಲಿಸಿದರೆ ಕೋಶ ಎರಡಾಗಲಾರದು.

ಟ್ಯೂಬ್ಯುಲಿನ್ ಮತ್ತು ಅದರ ಜೊತೆಗಾರ ಪ್ರೋಟೀನುಗಳು ಕೋಶದ ಒಳಗೆ ಹೆಣೆದಿರುವ ಎಳೆಗಳ ಜಾಲವೇ ಸೈಟೋಸ್ಕೆಲಿಟನ್. ಜೀವಕೋಶವೆಂದರೆ ತೆಳ್ಳನೆಯ ಪೊರೆಯೊಳಗೆ ತುಂಬಿಟ್ಟ ದ್ರವ ಎಂದು ಬಹುಕಾಲ ಭಾವಿಸಿದ್ದರು. ಆದರೆ ಬರೀ ದ್ರವವಾಗಿದ್ದರೆ ಎಲ್ಲ ಕೋಶಗಳೂ ಗುಂಡಗಿರಬೇಕಿತ್ತು. ನರಕೋಶಕ್ಕೆ ಉದ್ದನೆಯ ಬಾಲ ಹೇಗೆ ಬಂತು, ಕೆಂಪು ರಕ್ತಕಣ ನಡುವೆ ಕುಳಿಬಿದ್ದು ಚಪ್ಪಟೆಯಾಗಿರುವುದು ಹೇಗೆ? ಕೋಶದ ಆಕಾರವನ್ನು ಒಳಗಿನ ಎಳೆಗಳ ಜಾಲವೇ ಹಿಡಿದಿಟ್ಟಿದೆ ಎಂದು ರಷ್ಯಾದ ಜೀವವಿಜ್ಞಾನಿ ನಿಕೊಲಾಯ್ ಕೋಲ್ತ್ಸೋವ್ 1903ರಲ್ಲೇ ವಾದಿಸಿದ್ದರು. ಈ ಜಾಲಕ್ಕೆ ಇಂದಿನ ಹೆಸರು ಬಂದದ್ದು 1931ರಲ್ಲಿ, ಫ್ರಾನ್ಸಿನ ಪಾಲ್ ವಿಂಟ್ರೆಬರ್ ಅವರಿಂದ.

ಹೆಸರು ಬಂದ ಮೇಲೂ ಜಾಲವನ್ನು ಸರಿಯಾಗಿ ಕಾಣಲು ಮೂರು ದಶಕ ಹಿಡಿಯಿತು. ಇದರಲ್ಲೊಂದು ತಮಾಷೆಯಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಮುನ್ನ ಕೋಶಗಳನ್ನು ತಣ್ಣಗಿನ ಆಸ್ಮಿಯಂ ದ್ರಾವಣದಲ್ಲಿ ಮುಳುಗಿಸುವುದು ಆಗಿನ ರೂಢಿ. ಟ್ಯೂಬ್ಯುಲಿನ್ ಎಳೆಗಳಿಗೆ ಚಳಿ ಆಗದು, ತಣ್ಣಗಾದೊಡನೆ ಬಿಚ್ಚಿಕೊಂಡು ಕರಗಿಹೋಗುತ್ತವೆ. ಹುಡುಕುತ್ತಿದ್ದ ವಸ್ತುವನ್ನು ಹುಡುಕುವವರೇ ಮೊದಲು ಅಳಿಸಿ ಆಮೇಲೆ ನೋಡುತ್ತಿದ್ದರು. 1963ರಲ್ಲಿ ಗ್ಲುಟರಾಲ್ಡಿಹೈಡ್ ಎಂಬ ಬೇರೊಂದು ರಾಸಾಯನಿಕ ಬಳಕೆಗೆ ಬಂದ ಮೇಲಷ್ಟೇ ಎಳೆಗಳು ಇದ್ದಲ್ಲೇ ಉಳಿದು ಕಣ್ಣಿಗೆ ಬಿದ್ದವು.

ಎಳೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಎಲ್ಲಕ್ಕಿಂತ ತೆಳುವಾದದ್ದು ಆಕ್ಟಿನ್, ಸುಮಾರು 7 ನ್ಯಾನೋಮೀಟರ್ ದಪ್ಪ. ದಪ್ಪನೆಯದು ಟ್ಯೂಬ್ಯುಲಿನ್‌ನಿಂದಾದ ಟೊಳ್ಳು ನಳಿಕೆ ಅಥವಾ ಮೈಕ್ರೋಟ್ಯೂಬ್ಯೂಲ್, ಸುಮಾರು 25 ನ್ಯಾನೋಮೀಟರ್. ಇವೆರಡರ ನಡುವಿನದು 10 ನ್ಯಾನೋಮೀಟರ್ ಆಸುಪಾಸಿನ ಮಧ್ಯಮ ತಂತು. ಈ ಮೂರನೆಯದು ಎಳೆದರೂ ಸುಲಭಕ್ಕೆ ಹರಿಯದ ಗಟ್ಟಿ ನೂಲು. ನಮ್ಮ ಉಗುರು, ಕೂದಲಿನ ಕೆರಾಟಿನ್ ಇದೇ ಕುಟುಂಬದ್ದು. ಚರ್ಮದ ಕೋಶಗಳ ಕೆರಾಟಿನ್‌ನಲ್ಲಿ ಹುಟ್ಟಿನಿಂದಲೇ ದೋಷವಿರುವ ಮಕ್ಕಳಿಗೆ ಬಟ್ಟೆ ಉಜ್ಜಿದರೂ ಬೊಕ್ಕೆ ಏಳುತ್ತದೆ. ಅದರ ಕೆಲಸ ಏನೆಂದು ತಿಳಿಯಲು ಇಷ್ಟು ಸಾಕು. ನಿಜವಾದ ಗದ್ದಲವಿರುವುದು ಉಳಿದೆರಡು ಎಳೆಗಳಲ್ಲಿ.

ಪಠ್ಯಪುಸ್ತಕದ ಚಿತ್ರಗಳ ಬಗ್ಗೆ ನನಗೊಂದು ತಕರಾರಿದೆ. ಅವುಗಳಲ್ಲಿ ಈ ಎಳೆಗಳನ್ನು ಕಟ್ಟಡದ ಕಬ್ಬಿಣದ ಸರಳುಗಳ ಹಾಗೆ ಒಮ್ಮೆ ನಿಲ್ಲಿಸಿ ಮರೆತುಬಿಟ್ಟ ರೀತಿಯಲ್ಲಿ ಬರೆದಿರುತ್ತಾರೆ. ಆದರೆ ಮದುವೆಯ ಚಪ್ಪರ ಹಾಕುವವರ ವ್ಯವಹಾರ ಇದಕ್ಕೆ ಹೆಚ್ಚು ಹತ್ತಿರ. ಇಂದು ಈ ಮನೆಯ ಮುಂದೆ ನಿಂತ ಕಂಬಗಳನ್ನು ನಾಳೆ ಬಿಚ್ಚಿ ಇನ್ನೊಂದು ಮನೆಯ ಮುಂದೆ ನೆಡುತ್ತಾರೆ. ಕಂಬಗಳು ಅವೇ, ಚಪ್ಪರ ಮಾತ್ರ ಬೇರೆ. ಟ್ಯೂಬ್ಯುಲಿನ್ ಕಣಗಳು ತುದಿಗೆ ಸೇರುತ್ತಾ ನಳಿಕೆ ಉದ್ದವಾಗುತ್ತದೆ. ಹಾಗೆ ಬೆಳೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ತುದಿಯಿಂದ ಬಿಚ್ಚಿಕೊಂಡು ಕುಸಿಯುತ್ತದೆ. ಬಿಡಿಯಾದ ಕಣಗಳು ಬೇರೆ ನಳಿಕೆಗೆ ಹೋಗಿ ಸೇರುತ್ತವೆ. ಪಕ್ಕಪಕ್ಕದ ಎರಡು ನಳಿಕೆಗಳಲ್ಲಿ ಒಂದು ಬೆಳೆಯುತ್ತಿರುವಾಗಲೇ ಇನ್ನೊಂದು ಕುಸಿಯುತ್ತಿರಬಹುದು. 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್ ಇದನ್ನು ಪ್ರಕಟಿಸಿ, ಚಲನಶೀಲ ಅಸ್ಥಿರತೆ ಎಂಬ ಅರ್ಥದ ಹೆಸರಿಟ್ಟರು.

ಕೋಶ ಇಷ್ಟೊಂದು ಶಕ್ತಿ ಖರ್ಚು ಮಾಡಿ ಕಟ್ಟಿದ್ದನ್ನೇ ಕೆಡವುವುದು ಯಾಕೆ? ವಿಭಜನೆಯ ಹೊತ್ತಿಗೆ ಬಂದರೆ ಉತ್ತರ ಸಿಗುತ್ತದೆ. ಆಗ ಪ್ರತಿಯೊಂದು ವರ್ಣತಂತುವಿನ ಎರಡು ಪ್ರತಿಗಳನ್ನೂ ನಳಿಕೆಗಳು ಹಿಡಿದು ಎದುರುಬದುರು ತುದಿಗಳಿಗೆ ಎಳೆಯಬೇಕು. ವರ್ಣತಂತು ಎಲ್ಲಿದೆಯೆಂದು ನಳಿಕೆಗೆ ಮೊದಲೇ ಗೊತ್ತಿರುವುದಿಲ್ಲ. ಒಂದು ದಿಕ್ಕಿಗೆ ಬೆಳೆಯುತ್ತದೆ, ಏನೂ ಸಿಗದಿದ್ದರೆ ಕುಸಿದು ಇನ್ನೊಂದು ದಿಕ್ಕಿಗೆ ಬೆಳೆಯುತ್ತದೆ. ವರ್ಣತಂತು ಸಿಕ್ಕಿದರೆ ಮಾತ್ರ ನೆಲೆ ನಿಲ್ಲುತ್ತದೆ. ತಡಕಾಡಿ ಹುಡುಕಬೇಕಾದ ಕೆಲಸಕ್ಕೆ ಗಟ್ಟಿಯಾಗಿ ನಿಂತ ಕಂಬ ಪ್ರಯೋಜನವಿಲ್ಲ.

ಇದಕ್ಕೆ ಬಲವಾದ ಸಾಕ್ಷಿ ಕೊಟ್ಟದ್ದು ಟ್ಯಾಕ್ಸಾಲ್. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿದ್ದ ಈ ವಸ್ತುವಿನ ರಚನೆಯನ್ನು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾನಿ ಮತ್ತು ಮನ್ರೋ ವಾಲ್ 1971ರಲ್ಲಿ ಪ್ರಕಟಿಸಿದರು. ಕಾಲ್ಚಿಸಿನ್ ನಳಿಕೆ ಕಟ್ಟಲು ಬಿಡುವುದಿಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಸಿಗುವ ವಿನ್‌ಕ್ರಿಸ್ಟಿನ್ ಕೂಡ ಹಾಗೆಯೇ. ಟ್ಯಾಕ್ಸಾಲ್ ಮಾಡುವುದು ಇದಕ್ಕೆ ತದ್ವಿರುದ್ಧ ಎಂದು 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿದರು. ಅದು ನಳಿಕೆಗಳನ್ನು ಕುಸಿಯದಂತೆ ಬಿಗಿದಿಡುತ್ತದೆ. ಹಂದರ ಗಟ್ಟಿಯಾದರೆ ಕೋಶಕ್ಕೆ ಒಳ್ಳೆಯದಾಗಬೇಕಿತ್ತಲ್ಲ? ಆಗಲಿಲ್ಲ. ವಿಭಜನೆ ಅರ್ಧಕ್ಕೇ ಸಿಕ್ಕಿಕೊಂಡು ಕೋಶ ಸಾಯುತ್ತದೆ. ವಿನ್‌ಕ್ರಿಸ್ಟಿನ್ ಮತ್ತು ಟ್ಯಾಕ್ಸಾಲ್ ಎರಡೂ ಇಂದು ಕ್ಯಾನ್ಸರ್ ಔಷಧಗಳು.

ಈ ಔಷಧ ಪಡೆಯುವ ರೋಗಿಗಳಲ್ಲಿ ಹಲವರಿಗೆ ಕಾಲ್ಬೆರಳು, ಕೈಬೆರಳುಗಳ ತುದಿ ಜೋಮು ಹಿಡಿದಂತಾಗುತ್ತದೆ. ನರಕೋಶಗಳು ವಿಭಜನೆಗೊಳ್ಳುವುದಿಲ್ಲ, ಹಾಗಿದ್ದೂ ಏಟು ಬೀಳುವುದು ಯಾಕೆ ಎಂಬ ಪ್ರಶ್ನೆ ಹಂದರದ ಎರಡನೆಯ ಕೆಲಸಕ್ಕೆ, ಸಾಗಣೆಗೆ, ಕರೆದೊಯ್ಯುತ್ತದೆ.

ಬೆನ್ನುಹುರಿಯ ಬಳಿ ಇರುವ ಒಂದೇ ಒಂದು ನರಕೋಶದ ಎಳೆ ಕಾಲ್ಬೆರಳಿನವರೆಗೆ, ಸುಮಾರು 1 ಮೀಟರ್ ದೂರ, ಚಾಚಿರುತ್ತದೆ. ತುದಿಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ತಯಾರಾಗುವುದು ಬುಡದಲ್ಲಿ. ಒಂದು ಪ್ರೋಟೀನ್ ಕಣ ತಾನಾಗಿ ಅಲೆಯುತ್ತಾ ಅಷ್ಟು ದೂರ ತಲುಪಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಿದರೆ ಸಾವಿರ ವರ್ಷ ದಾಟುತ್ತದೆ. ಹೊತ್ತೊಯ್ಯುವವರಿಲ್ಲದೆ ಈ ಕೆಲಸ ಆಗದು.

ಆ ಹೊರೆಯಾಳು ಸಿಕ್ಕಿದ ಕಥೆ ಸ್ವಾರಸ್ಯವಾಗಿದೆ. ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಸ್ಕ್ವಿಡ್‌ನಲ್ಲಿ ಹೆಚ್ಚುಕಡಿಮೆ 1 ಮಿಲಿಮೀಟರ್ ದಪ್ಪದ ನರವೆಳೆಯಿದೆ. ಅದರೊಳಗಿನ ದ್ರವ್ಯವನ್ನು ಹಿಂಡಿ ಹೊರತೆಗೆದು ಗಾಜಿನ ಮೇಲೆ ಹರಡಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದ ರಾನ್ ವೇಲ್ ಮತ್ತು ಮೈಕೆಲ್ ಶೀಟ್ಜ್ 1983ರಲ್ಲಿ ಇದನ್ನೇ ಮಾಡಹೊರಟರು. ಆದರೆ ಎಲ್ ನಿನೊ ಪ್ರಭಾವದಿಂದ ಆ ವರ್ಷ ಕ್ಯಾಲಿಫೋರ್ನಿಯಾದ ತೀರದಲ್ಲಿ ಸ್ಕ್ವಿಡ್ ಸಿಗಲಿಲ್ಲ. ಹಾಗಾಗಿ ದೇಶದ ಇನ್ನೊಂದು ಮೂಲೆಯ ವುಡ್ಸ್ ಹೋಲ್ ಕಡಲ ಸಂಶೋಧನಾ ಕೇಂದ್ರಕ್ಕೆ ಹೋದರು. ಅಲ್ಲಿ ಥಾಮಸ್ ರೀಸ್ ಜೊತೆಗೂಡಿದರು. ನಳಿಕೆಗಳ ಮೇಲೆ ಸರಕನ್ನು ಎಳೆದೊಯ್ಯುವ ಪ್ರೋಟೀನನ್ನು ಬೇರ್ಪಡಿಸಿ, 1985ರಲ್ಲಿ ಅದಕ್ಕೆ ಕೈನೆಸಿನ್ ಎಂದು ಹೆಸರಿಟ್ಟರು. ಇದೇ ವೇಲ್ ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆಲಕಾಲ ಇದ್ದು, ಇಂಡಿಯಾಬಯೋಸೈನ್ಸ್ ಸಂಸ್ಥೆಯ ಹುಟ್ಟಿಗೂ ಕಾರಣರಾದರು.

ಕೈನೆಸಿನ್‌ಗೆ ಕಾಲಿನ ಕೆಲಸ ಮಾಡುವ ಎರಡು ತುಂಡುಗಳಿವೆ. ಅದು ಒಂದಾದ ಮೇಲೊಂದನ್ನು ಮುಂದಿಡುತ್ತಾ ಅಕ್ಷರಶಃ ನಡೆಯುತ್ತದೆ. ಹೆಜ್ಜೆಗೆ 8 ನ್ಯಾನೋಮೀಟರ್, ಪ್ರತಿ ಹೆಜ್ಜೆಗೂ ಕೋಶದ ಇಂಧನವಾದ ಎಟಿಪಿಯ ಒಂದು ಕಣ ಖರ್ಚು, ಸೆಕೆಂಡಿಗೆ ನೂರರ ಆಸುಪಾಸು ಹೆಜ್ಜೆ. ನರಗಳಲ್ಲಿ ಅತಿ ವೇಗದ ಸರಕು ದಿನಕ್ಕೆ ಸುಮಾರು 400 ಮಿಲಿಮೀಟರ್ ಸಾಗುತ್ತದೆ. ಅಂದರೆ ಬೆನ್ನುಹುರಿಯಿಂದ ಕಾಲ್ಬೆರಳಿಗೆ ಎರಡೂವರೆ ದಿನ. ಹಿಂದಕ್ಕೆ ಬರುವ ಸರಕು ಡೈನೀನ್ ಎಂಬ ಇನ್ನೊಂದು ಪ್ರೋಟೀನಿನ ಪಾಲು. ನಳಿಕೆಗಳನ್ನು ಔಷಧ ಕೆಡಿಸಿದರೆ ಎರಡೂ ದಿಕ್ಕಿನ ಸಂಚಾರಕ್ಕೆ ತೊಂದರೆ. ಅತಿ ಉದ್ದದ ನರಗಳಿಗೆ ಕೊರತೆ ಮೊದಲು ತಟ್ಟುತ್ತದೆ, ಆದ್ದರಿಂದಲೇ ಜೋಮು ಶುರುವಾಗುವುದು ಬೆರಳ ತುದಿಗಳಲ್ಲಿ.

ಈ ವಾಪಸಾತಿಯ ದಾರಿಯನ್ನು ರೇಬಿಸ್ ವೈರಸ್ ಚೆನ್ನಾಗಿ ಬಲ್ಲದು. ನಾಯಿ ಕಚ್ಚಿದ ಜಾಗದ ನರದ ತುದಿಯೊಳಗೆ ಹೊಕ್ಕು, ಒಳಮುಖವಾಗಿ ಹೊರಟ ಸರಕಿನ ಜೊತೆ ಸೇರಿಕೊಂಡು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ತಲುಪುತ್ತದೆ. ಮುಖಕ್ಕೆ, ಕುತ್ತಿಗೆಗೆ ಕಚ್ಚಿದರೆ ವೈದ್ಯರು ಹೆಚ್ಚು ಅವಸರ ಮಾಡುವುದಕ್ಕೆ ಈ ದೂರದ ಲೆಕ್ಕವೂ ಒಂದು ಕಾರಣ. ಗಾಯವನ್ನು ಕೂಡಲೇ 15 ನಿಮಿಷ ಸೋಪು ಹಾಕಿ ತೊಳೆಯಬೇಕು, ತಡಮಾಡದೆ ಲಸಿಕೆ ಹಾಕಿಸಬೇಕು. ವೈರಸ್ ಮಿದುಳು ಮುಟ್ಟಿ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಇನ್ನು ಚಲನೆ. ಕೋಶವೇ ಎದ್ದು ನಡೆಯಬೇಕಾದಾಗ ಮುಂದಾಳತ್ವ ಆಕ್ಟಿನ್‌ನದು. ಬ್ಯಾಕ್ಟೀರಿಯವನ್ನು ಅಟ್ಟಿಸಿಕೊಂಡು ಹೋಗುವ ಬಿಳಿ ರಕ್ತಕಣದ ಮುಂಭಾಗದಲ್ಲಿ ಆಕ್ಟಿನ್ ಕಣಗಳು ಒಂದಕ್ಕೊಂದು ಸೇರಿ, ಉದ್ದವಾಗುತ್ತಾ ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ. ಹಿಂಭಾಗವನ್ನು ಮಯೋಸಿನ್ ಎಂಬ ಪ್ರೋಟೀನ್ ಸಂಕುಚಿಸಿ ಎಳೆದುಕೊಳ್ಳುತ್ತದೆ. ನಮ್ಮ ತೋಳನ್ನು ಮಡಿಸುವ ಸ್ನಾಯುವಿನಲ್ಲಿರುವ ಜೋಡಿಯೂ ಇದೇ, ಆಕ್ಟಿನ್ ಮತ್ತು ಮಯೋಸಿನ್. ಗೌಟ್ ಕಾಯಿಲೆಯಲ್ಲಿ ಯೂರಿಕ್ ಆಮ್ಲದ ಹರಳುಗಳಿರುವ ಕೀಲಿಗೆ ಬಿಳಿ ರಕ್ತಕಣಗಳು ಮುಗಿಬಿದ್ದು ಊತ, ಉರಿ ಬರಿಸುತ್ತವೆ. ಅಲ್ಲಿ ವೈದ್ಯರು ಅತಿ ಕಡಿಮೆ ಪ್ರಮಾಣದಲ್ಲಿ ಕೊಡುವ ಔಷಧ ಕಾಲ್ಚಿಸಿನ್. ಅದು ಈ ಕಣಗಳ ಹಂದರವನ್ನು ತುಸು ಸಡಿಲಿಸಿ ಅವುಗಳ ದಾಳಿಯನ್ನು ತಗ್ಗಿಸುತ್ತದೆ.

ಕೆಂಪು ರಕ್ತಕಣ ತಾನಾಗಿ ನಡೆಯುವುದಿಲ್ಲ, ರಕ್ತದ ಹರಿವಿನಲ್ಲಿ ತಳ್ಳಿಸಿಕೊಂಡು ಹೋಗುತ್ತದೆ. ತನಗಿಂತ ಕಿರಿದಾದ ಲೋಮನಾಳಗಳಲ್ಲಿ ಮಡಚಿಕೊಂಡು ನುಸುಳಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಹೀಗೆ 120 ದಿನ ತಾಳಿಕೊಳ್ಳಲು ಪೊರೆಯ ಕೆಳಗಿರುವ ಸ್ಪೆಕ್ಟ್ರಿನ್ ಮತ್ತು ಆಕ್ಟಿನ್ ಬಲೆ ಬೇಕು. ಆ ಬಲೆಯಲ್ಲಿ ದೋಷವಿದ್ದರೆ ಕಣ ಗುಂಡಗಾಗಿ, ಗುಲ್ಮದಲ್ಲಿ ಸಿಕ್ಕಿಕೊಂಡು ಬೇಗ ನಾಶವಾಗುತ್ತದೆ.

ವೀರ್ಯಾಣುವಿನ ಬಾಲ, ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಇವೆರಡರ ಒಳರಚನೆ ಒಂದೇ. ನಡುವೆ ಎರಡು ನಳಿಕೆ, ಸುತ್ತ ಒಂಬತ್ತು ಜೋಡಿ. ಜೋಡಿಗಳ ನಡುವೆ ಡೈನೀನ್ ಕೆಲಸ ಮಾಡಿದಾಗ ಬಾಲ ಬಾಗುತ್ತದೆ, ರೋಮ ಬೀಸುತ್ತದೆ. 1976ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಆಫ್ಜೆಲಿಯಸ್ ಡೈನೀನ್ ಇಲ್ಲದ ಕೆಲವು ರೋಗಿಗಳ ಬಗ್ಗೆ ಬರೆದರು. ಅವರ ವೀರ್ಯಾಣುಗಳು ಈಜುತ್ತಿರಲಿಲ್ಲ. ಶ್ವಾಸನಾಳದ ರೋಮಗಳು ಕಫವನ್ನು ಮೇಲಕ್ಕೆ ತಳ್ಳದೆ ಸೋಂಕು ಮರುಕಳಿಸುತ್ತಿತ್ತು. ಇಷ್ಟು ಊಹೆಗೆ ನಿಲುಕುತ್ತದೆ. ಆದರೆ ಇಂಥವರಲ್ಲಿ ಅರ್ಧದಷ್ಟು ಜನರಿಗೆ ಹೃದಯ ಬಲಗಡೆ ಇರುತ್ತದೆ. ಟೋಕಿಯೊದಲ್ಲಿ ನೊಬುಟಾಕಾ ಹಿರೊಕಾವಾ ಅವರ ತಂಡ 1998ರಲ್ಲಿ ಇಲಿಯ ಭ್ರೂಣಗಳನ್ನು ಪರೀಕ್ಷಿಸಿದಾಗ ಕಾರಣ ಹೊಳೆಯಿತು. ಭ್ರೂಣದ ಒಂದು ಪುಟ್ಟ ಗುಣಿಯಲ್ಲಿ ಇಂಥವೇ ರೋಮಗಳು ಸುತ್ತುತ್ತಾ ಸುತ್ತಲಿನ ದ್ರವವನ್ನು ಎಡಕ್ಕೆ ಹರಿಸುತ್ತವೆ, ದೇಹದ ಎಡಬಲ ತೀರ್ಮಾನವಾಗುವುದು ಆ ಹರಿವಿನಿಂದ. ರೋಮ ಕಟ್ಟಲು ಸಾಮಾನು ಹೊರುವ ಒಂದು ಕೈನೆಸಿನ್ ಇಲ್ಲದ ಭ್ರೂಣಗಳಲ್ಲಿ ಆ ರೋಮಗಳೇ ಬೆಳೆಯಲಿಲ್ಲ. ಅವುಗಳ ಹೃದಯ ಸರಿಸುಮಾರು ಅರ್ಧ ಸಲ ಎಡಕ್ಕೆ, ಅರ್ಧ ಸಲ ಬಲಕ್ಕೆ ತಿರುಗಿತ್ತು.