ಪ್ಲಾಟ್‌ಫಾರ್ಮ್‌ಗಳ ಒಡಲೊಳಗಿನ ಗೂಢಲಿಪಿ

ಪಾಸ್‌ವರ್ಡ್ ಕಾಯ್ದಿಡುವ, ಹಣದ ವಹಿವಾಟಿಗೆ ಸಹಿ ಹಾಕುವ, ಸಂದೇಶವನ್ನು ಮರೆಮಾಚಿ ಕಳಿಸುವ ಆ್ಯಪ್‌ಗಳನ್ನು ಬರೆಯುವವರಲ್ಲಿ ಹೆಚ್ಚಿನವರು ಗೂಢಲಿಪಿಶಾಸ್ತ್ರ ಓದಿದವರಲ್ಲ. ಓದಿರಲೇಬೇಕೆಂದು ಬಯಸುವುದೂ ಸರಿಯಲ್ಲ. ಅದಕ್ಕೆಂದೇ ಜಾವಾ, ಡಾಟ್‌ನೆಟ್, ಗೋ ಮುಂತಾದ ಪ್ರೋಗ್ರಾಮಿಂಗ್ ಪ್ಲಾಟ್‌ಫಾರ್ಮ್‌ಗಳು ಗೂಢಲಿಪಿಯ ಸಲಕರಣೆಗಳನ್ನು ತಮ್ಮೊಡನೆಯೇ ಒದಗಿಸುತ್ತವೆ. ಮಾಹಿತಿಯನ್ನು ಗೂಢಲಿಪಿಯಾಗಿಸುವ ಎಇಎಸ್ ಎಂಬ ಮಾನಕದ ಸೂತ್ರಗಳು 2001ರಿಂದ ಎಲ್ಲರ ಕಣ್ಣೆದುರಿಗೇ ಇವೆ. ಆದರೆ ಅವನ್ನು ತಪ್ಪಿಲ್ಲದೆ ಕೋಡ್‌ಗೆ ಇಳಿಸಿದರೂ, ಲೆಕ್ಕಕ್ಕೆ ಹಿಡಿಯುವ ಸಮಯದ ಸೂಕ್ಷ್ಮ ಏರುಪೇರನ್ನು ಅಳೆದೇ ಗೂಢಲಿಪಿಯನ್ನು ಬಿಚ್ಚುವ ಕೀಲಿಯನ್ನು ಹೊರತೆಗೆಯಬಲ್ಲ ದಾಳಿಗಳಿರುವುದರಿಂದ, ಈ ಕೆಲಸವನ್ನು ಪಳಗಿದ ಕೈಗಳಿಗೆ ಬಿಡುವುದೇ ವಿವೇಕ.

ಜಾವಾದಲ್ಲಿ ಡೆವಲಪರ್ ತನಗೆ ಬೇಕಾದ ವಿಧಾನವನ್ನು ಹೆಸರಿಟ್ಟು ಕೇಳಿದರೆ ಸಾಕು. ಅದನ್ನು ಮಾಡಿಕೊಡುವುದು ‘ಪ್ರೊವೈಡರ್’ ಎಂಬ ಪ್ರತ್ಯೇಕ ಘಟಕ. ಡಾಟ್‌ನೆಟ್ ವಿಂಡೋಸ್‌ನಲ್ಲಿ ಆ ವ್ಯವಸ್ಥೆಯದೇ ಲೈಬ್ರರಿಯನ್ನೂ ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯನ್ನೂ ಆಶ್ರಯಿಸುತ್ತದೆ. ಆ ಲೈಬ್ರರಿಯಲ್ಲಿ ದೋಷ ಕಂಡುಬಂದರೆ ಸಿಸ್ಟಮ್ ಅಪ್‌ಡೇಟ್‌ನಿಂದಲೇ ಅದು ಸರಿಹೋಗುತ್ತದೆ. ಆ್ಯಪ್‌ನ ಕೋಡ್ ಮುಟ್ಟಬೇಕಿಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ: ಡೆವಲಪರ್ ಏನನ್ನೂ ಸೂಚಿಸದಿದ್ದಾಗ ಪ್ಲಾಟ್‌ಫಾರ್ಮ್ ಯಾವುದನ್ನು ಆರಿಸಿಕೊಡುತ್ತದೆ? ಜಾವಾದಲ್ಲಿ ಬರಿದೆ ‘ಎಇಎಸ್’ ಎಂದು ಕೇಳಿದರೆ, ಅದರೊಂದಿಗೇ ಬರುವ ಪ್ರೊವೈಡರ್ ಇಸಿಬಿ ಎಂಬ ಮೋಡ್ ಅನ್ನು, ಅಂದರೆ ಎಇಎಸ್ ಬಳಸುವ ಒಂದು ಬಗೆಯನ್ನು, ಕೊಡುತ್ತದೆ. ಅದರಲ್ಲಿ ಮಾಹಿತಿಯ ಪ್ರತಿ 16 ಬೈಟ್‌ಗಳ ತುಂಡೂ ಪ್ರತ್ಯೇಕವಾಗಿ ಗೂಢಲಿಪಿಯಾಗುತ್ತದೆ; ಒಂದೇ ಬಗೆಯ ತುಂಡುಗಳಿಗೆ ಸಿಗುವ ಫಲವೂ ಒಂದೇ. ಹಾಗಾಗಿ ದೊಡ್ಡ ಬಣ್ಣದ ಪಟ್ಟೆಗಳಿರುವ ಚಿತ್ರವೊಂದನ್ನು ಹೀಗೆ ಮರೆಮಾಚಿದರೆ ಅದರ ಆಕೃತಿ ಹಾಗೆಯೇ ಎದ್ದು ಕಾಣುತ್ತದೆ. ಪ್ರೋಗ್ರಾಂ ಯಾವ ದೋಷವನ್ನೂ ತೋರಿಸುವುದಿಲ್ಲ, ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಇಂಥ ಪೂರ್ವನಿಯೋಜಿತ ಆಯ್ಕೆಯನ್ನು ಡೆವಲಪರ್‌ನ ತಪ್ಪೆಂದು ತಳ್ಳಿಹಾಕುವುದು ಅನ್ಯಾಯ.

ಪ್ಲಾಟ್‌ಫಾರ್ಮೇ ಎಡವಿದ ಪ್ರಸಂಗವೂ ಉಂಟು. ಆಂಡ್ರಾಯ್ಡ್‌ನಲ್ಲಿ ಜಾವಾದ ಯಾದೃಚ್ಛಿಕ ಸಂಖ್ಯೆಗಳ ಉತ್ಪಾದಕ ಸರಿಯಾಗಿ ಸಜ್ಜಾಗುತ್ತಿರಲಿಲ್ಲವೆಂದು 2013ರ ಆಗಸ್ಟ್‌ನಲ್ಲಿ ಬೆಳಕಿಗೆ ಬಂತು. ಬಿಟ್‌ಕಾಯಿನ್ ವಹಿವಾಟಿನ ಪ್ರತಿ ಸಹಿಗೂ ಇಂಥದೊಂದು ಹೊಸ ಸಂಖ್ಯೆ ಬೇಕು; ಒಂದೇ ಕೀಲಿಯಿಂದ ಹಾಕಿದ ಎರಡು ಸಹಿಗಳಲ್ಲಿ ಒಂದೇ ಸಂಖ್ಯೆ ಮರುಕಳಿಸಿದರೆ ಖಾಸಗಿ ಕೀಲಿಯನ್ನು ಸರಳ ಬೀಜಗಣಿತದಿಂದಲೇ ಕಂಡುಹಿಡಿಯಬಹುದು. ಕೆಲವು ಬಿಟ್‌ಕಾಯಿನ್ ವಾಲೆಟ್‌ಗಳಿಂದ ಹಣ ಕಳುವಾದದ್ದು ಹೀಗೆಯೇ.

ಈಚಿನ ವಿನ್ಯಾಸಗಳು ಆಯ್ಕೆಗಳನ್ನೇ ಕಡಿಮೆ ಮಾಡುತ್ತಿವೆ. 2019ರಲ್ಲಿ ಬಂದ ಆ್ಯಪಲ್‌ನ ಗೂಢಲಿಪಿ ಲೈಬ್ರರಿ ಕ್ರಿಪ್ಟೋಕಿಟ್‌ನಲ್ಲಿ ಇಸಿಬಿಗೆ ಜಾಗವೇ ಇಲ್ಲ. ಎಇಎಸ್‌ನ ಇನ್ನೊಂದು ಮೋಡ್ ಆದ ಜಿಸಿಎಂಗೆ ಪ್ರತಿ ಬಾರಿಯೂ ಬೇಕಾಗುವ, ಅದೇ ಕೀಲಿಯೊಂದಿಗೆ ಮತ್ತೆ ಬಳಸಬಾರದ ನಾನ್ಸ್ ಸಂಖ್ಯೆಯನ್ನು ಡೆವಲಪರ್ ಕೊಡದಿದ್ದರೆ ಕ್ರಿಪ್ಟೋಕಿಟ್ ತಾನೇ ಸೃಷ್ಟಿಸಿ, ಗೂಢಲಿಪಿಯ ಜೊತೆಗೇ ಹಿಂತಿರುಗಿಸುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಬಿಟ್ ತಿದ್ದಿದರೂ ಬಿಚ್ಚಲು ನಿರಾಕರಿಸುತ್ತದೆ.