ಇಳಿಜಾರಿನಲ್ಲಿ ನಾಲ್ಕು ಕಾಲು

ಹೈಟೆನ್ಷನ್ ಟವರಿನ ಅಡಿಪಾಯದ ಕೆಲಸ ಭಾರ ಹೊರುವುದು ಎಂದೇ ಹೆಚ್ಚಿನವರ ಎಣಿಕೆ. ಅದು ಅಡಿಪಾಯಕ್ಕೆ ಸುಲಭದ ಕೆಲಸ. ಉಕ್ಕಿನ ಪಟ್ಟಿಗಳನ್ನು ಹೆಣೆದು ನಿಲ್ಲಿಸಿದ ಟವರು ತನ್ನ ಎತ್ತರಕ್ಕೆ ಹೋಲಿಸಿದರೆ ಹಗುರವೇ. ಕಷ್ಟ ಶುರುವಾಗುವುದು ಗಾಳಿ ಬೀಸಿದಾಗ. ಗಾಳಿ ತಂತಿಗಳನ್ನು ಅಡ್ಡಲಾಗಿ ತಳ್ಳಿದರೆ ಒಂದು ಮಗ್ಗುಲಿನ ಎರಡು ಕಾಲುಗಳು ನೆಲಕ್ಕೆ ಊರುತ್ತವೆ, ಇನ್ನೊಂದು ಮಗ್ಗುಲಿನವು ನೆಲದಿಂದ ಕಿತ್ತು ಬರಲು ನೋಡುತ್ತವೆ. ಲೈನು ತಿರುವು ಪಡೆಯುವ ಕಡೆಯ ಟವರಿಗಂತೂ ಗಾಳಿಯೇ ಬೇಕಿಲ್ಲ. ತಂತಿಗಳ ಸೆಳೆತ ಅದನ್ನು ಹಗಲೂ ರಾತ್ರಿ ಒಂದೇ ಕಡೆಗೆ ಎಳೆಯುತ್ತಿರುತ್ತದೆ.

ಈ ಕೀಳುವ ಬಲವನ್ನು ತಡೆಯುವುದರಲ್ಲಿ ಕಾಂಕ್ರೀಟಿನಷ್ಟೇ ಪಾಲು ಮಣ್ಣಿನದು. ಕಾಫಿ ಗಿಡವನ್ನು ಎಳೆದರೆ ಬೇರಿನ ಜೊತೆ ಮಣ್ಣಿನ ಹೆಂಟೆಯೂ ಏಳುತ್ತದಲ್ಲ, ಹಾಗೆ. ಪ್ರತಿ ಕಾಲಿನ ತಳದಲ್ಲಿ ಅಗಲವಾದ ಕಾಂಕ್ರೀಟ್ ಹಾಸು ಇರುತ್ತದೆ. ಅದು ಏಳಬೇಕಾದರೆ ತನ್ನ ಮೇಲಿರುವ ಮಣ್ಣನ್ನೂ ಎತ್ತಲೇಬೇಕು. ಗಟ್ಟಿಯಾದ ಒಣ ಮಣ್ಣಿನಲ್ಲಿ ಹಾಸಿನ ಅಂಚಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಹೊರಕ್ಕೆ ಹರಡುವ ಮಣ್ಣಿನ ರಾಶಿಯನ್ನು ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುತ್ತಾರೆ. ಬಯಲುಸೀಮೆಯ ಹೊಲದಲ್ಲಿ ಈ ಲೆಕ್ಕ ಸಲೀಸು. ಮಡಿಕೇರಿ, ಸೋಮವಾರಪೇಟೆಯ ಕಡೆಯ ಇಳಿಜಾರಿನಲ್ಲಿ ಹಾಗಲ್ಲ. ಕೆಳಮಗ್ಗುಲಿನಲ್ಲಿ ಆ ರಾಶಿ ಅರ್ಧಕ್ಕೇ ಮುಗಿದಿರುತ್ತದೆ, ಅದರಾಚೆ ಬರೀ ಗಾಳಿ.

ಸಾಲದ್ದಕ್ಕೆ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಬಹುಪಾಲು ಮುಂಗಾರಿನಲ್ಲೇ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2.4 ಟನ್ ತೂಗುತ್ತದೆ. ನೆಲದೊಳಗಿನ ನೀರು ಏರಿ ಅದು ಮುಳುಗಿತೆಂದರೆ, ಆರ್ಕಿಮಿಡೀಸ್ ಹೇಳಿದಂತೆ ಒಂದು ಟನ್ ಕಳೆದುಕೊಂಡು 1.4 ಟನ್ನಿಗೆ ಇಳಿಯುತ್ತದೆ. ನೆನೆದ ಮಣ್ಣಿನ ಹಿಡಿತವೂ ಸಡಿಲ. ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದ ಗಾಳಿ ಟವರನ್ನು ಜಗ್ಗುವ ಹೊತ್ತಿನಲ್ಲೇ ಅದರ ಬುಡ ಹಗುರವಾಗುತ್ತದೆ ಎಂದಾಯಿತು! ಒದ್ದೆ ಜಾಗದ ಅಡಿಪಾಯವನ್ನು ಬೇರೆಯೇ ಲೆಕ್ಕ ಹಾಕಿ ದೊಡ್ಡದು ಮಾಡುವುದು ಇದಕ್ಕೇ.

ಇಳಿಜಾರನ್ನು ಕಡಿದು ಮಟ್ಟ ಮಾಡಿ ನಾಲ್ಕೂ ಕಾಲುಗಳನ್ನು ಒಂದೇ ಎತ್ತರಕ್ಕೆ ನಿಲ್ಲಿಸುವುದು ಸುಲಭದ ದಾರಿ. ನನ್ನ ಪ್ರಕಾರ ಕೊಡಗಿನಲ್ಲಿ ಇದಕ್ಕಿಂತ ಕೆಟ್ಟ ದಾರಿ ಇಲ್ಲ. ಹಾಗೆ ಕಡಿದಾಗ ಮೇಲ್ಭಾಗದಲ್ಲಿ ಆಸರೆ ತಪ್ಪಿದ ಕಡಿದಾದ ಮಣ್ಣಿನ ಬರೆ ಉಳಿಯುತ್ತದೆ. ಅಗೆದ ಮಣ್ಣನ್ನು ಕೆಳಕ್ಕೆ ಸುರಿದರೆ ಅದು ಇಳಿಜಾರಿಗೆ ಹೊಸ ಹೊರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದ್ದನ್ನು ಕಂಡವರಿಗೆ ನೆನೆದ ಇಳಿಜಾರು ಎಂಥದೆಂದು ವಿವರಿಸಬೇಕಾಗಿಲ್ಲ.

ಬದಲಿ ಉಪಾಯ ಹೊಸದೇನಲ್ಲ: ಬೆಟ್ಟವನ್ನು ಮುಟ್ಟದೆ ಟವರಿನ ಕಾಲುಗಳನ್ನೇ ಉದ್ದ ಗಿಡ್ಡ ಮಾಡುವುದು. ಕೆಳಗಿನ ಕಾಲು ಮೇಲಿನದಕ್ಕಿಂತ ಕೆಲವು ಮೀಟರ್ ಉದ್ದವಿದ್ದರಾಯಿತು. ಉಕ್ಕು ಕೊಂಚ ಹೆಚ್ಚು ಬೇಕು, ತಲೆನೋವೂ ಹೆಚ್ಚು. ಕಾಂಕ್ರೀಟಿನಲ್ಲಿ ಹೂತು ನಿಲ್ಲುವ ಉಕ್ಕಿನ ನಾಲ್ಕು ಬುಡಗಳು ನಾಲ್ಕು ಮಟ್ಟದಲ್ಲಿದ್ದೂ ಒಂದೇ ಟವರಿಗೆ ಹೊಂದಬೇಕು. ಓರೆಯಲ್ಲಾಗಲಿ ಮೂಲೆಯಿಂದ ಮೂಲೆಯ ಅಳತೆಯಲ್ಲಾಗಲಿ ಸ್ವಲ್ಪ ತಪ್ಪಿದರೂ ಮೇಲಿನ ಪಟ್ಟಿಗಳ ಬೋಲ್ಟ್ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದನ್ನು ತಿದ್ದುವಂತೆಯೂ ಇಲ್ಲ.

ಬಂಡೆ ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ. ಗಟ್ಟಿ ಬಂಡೆಯಾದರೆ ತೂತು ಕೊರೆದು, ಸರಳು ಇಳಿಸಿ, ಸಿಮೆಂಟ್ ರಸ ತುಂಬಿ ಬಿಗಿದರೆ ಸಾಕು, ದೊಡ್ಡ ಗುಂಡಿಯೇ ಬೇಡ. ಆದರೆ ಶಿಥಿಲಗೊಂಡ ಬೆಟ್ಟದ ಮಣ್ಣಿನೊಳಗೆ ಬಿಡಿ ಗುಂಡುಕಲ್ಲುಗಳು ಸಿಕ್ಕಿಕೊಂಡಿರುತ್ತವೆ. ಅಂಥದನ್ನು ತಳಬಂಡೆಯೆಂದು ನಂಬಿದರೆ ಮಣ್ಣಿನ ಜೊತೆ ಅದೂ ಜಾರುತ್ತದೆ. ಹಾಗಾಗಿ ಇನ್ನೂ ಆಳಕ್ಕೆ ಕೊರೆದು ನೋಡಬೇಕು. ಕೊರೆಯುವ ಮೊದಲೇ ಸುತ್ತಲಿನ ಮರಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು: ಒಂದೆರಡಲ್ಲ, ಸಾಲು ಸಾಲು ಮರಗಳು ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾಗಿದ್ದರೆ ಆ ಮಣ್ಣು ನಿಧಾನವಾಗಿ ಕೆಳಕ್ಕೆ ಸರಿಯುತ್ತಿರುವ ಸಾಧ್ಯತೆ ಹೆಚ್ಚು.

ಯಾರೂ ಫೋಟೊ ತೆಗೆಯದ ಎರಡು ಕೆಲಸಗಳು ಉಳಿದಿವೆ. ಗುಂಡಿಗೆ ಮಣ್ಣನ್ನು ಮರಳಿ ತುಂಬುವಾಗ ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ಬಡಿದು ಕೂರಿಸಬೇಕು. ಒಟ್ಟಿಗೇ ಸುರಿದ ಸಡಿಲ ಮಣ್ಣು ಮೊದಲ ಮಳೆಗೇ ಕುಸಿಯುತ್ತದೆ, ಹಾಸನ್ನು ಅದುಮಿ ಹಿಡಿಯಬೇಕಾದ ತೂಕ ಕಾಗದದ ಮೇಲಷ್ಟೇ ಉಳಿಯುತ್ತದೆ. ಎರಡನೆಯದು ಟವರಿನ ಮೇಲ್ಭಾಗದಲ್ಲಿ ನೀರನ್ನು ಅಡ್ಡಗಟ್ಟಿ ಬದಿಗೆ ಹರಿಸುವ ಚರಂಡಿ. ಅದನ್ನು ತೋಡಿದರಷ್ಟೇ ಸಾಲದು. ಪ್ರತಿ ವರ್ಷ ಮೇ ಮುಗಿಯುವುದರೊಳಗೆ ತರಗೆಲೆ, ಹೂಳು ತೆಗೆಸಲು ಯಾರಿಗಾದರೂ ಜವಾಬ್ದಾರಿ ವಹಿಸಿ, ಖರ್ಚಿಗೆ ಹಣವನ್ನೂ ಇಡಬೇಕು.