ದೇಶದ ಸಾಲ, ಡಾಲರ್ ಲೆಕ್ಕ

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಎಂಬ ಹೆಸರು ಅದಕ್ಕಿದೆ. ಇಂಥ ಸಂಘದಲ್ಲಿ ಬೆಳೆಸಾಲ ತೆಗೆದ ರೈತ ಶೇಂಗಾನೋ ಮೆಣಸಿನಕಾಯಿಯೋ ಮಾರಿ ತೀರಿಸುತ್ತಾನೆ. ತಂದದ್ದು ರೂಪಾಯಿ, ಮಾರಿದರೆ ಕೈಗೆ ಬರುವುದೂ ರೂಪಾಯಿ. ಮಳೆ ಕೈಕೊಟ್ಟರೆ ಬಡ್ಡಿ ಏರುತ್ತದೆ. ಅಸಲು ಮಾತ್ರ ಇದ್ದಷ್ಟೇ ಇರುತ್ತದೆ.

ಬಡ ದೇಶಗಳಿಗೆ ಆ ಭರವಸೆಯೂ ಇಲ್ಲ. ಅವುಗಳ ಹೊರಗಿನ ಸಾಲದಲ್ಲಿ ಬಹುಪಾಲು ಡಾಲರ್‌ನಲ್ಲಿರುತ್ತದೆ. ತೆರಿಗೆ ಬರುವುದು ಸ್ವಂತ ನಾಣ್ಯದಲ್ಲಿ.

ಶ್ರೀಲಂಕಾವನ್ನೇ ನೋಡಿ. 2022ರ ಮಾರ್ಚ್ ಆರಂಭದಲ್ಲಿ ಒಂದು ಡಾಲರ್‌ಗೆ ಅಲ್ಲಿನ ಸುಮಾರು 200 ರೂಪಾಯಿ. ಮೇ ಹೊತ್ತಿಗೆ ಸುಮಾರು 360. ಅಂದರೆ 100 ಡಾಲರ್ ಸಾಲ ತೀರಿಸಲು 20,000 ರೂಪಾಯಿ ಸಾಕಿದ್ದ ಕಡೆ 36,000 ಬೇಕಾಯಿತು. ಹೊಸದಾಗಿ ಒಂದು ಪೈಸೆ ಸಾಲ ಮಾಡದೆಯೇ! ಏಪ್ರಿಲ್‌ನಲ್ಲೇ ಸರ್ಕಾರ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸಿತ್ತು. ಪೆಟ್ರೋಲ್, ಅಡುಗೆ ಗ್ಯಾಸ್, ಔಷಧಿ ತರಿಸಲೂ ಡಾಲರ್ ಉಳಿದಿರಲಿಲ್ಲ. ವಿಶ್ವಬ್ಯಾಂಕಿನ ಅಂದಾಜಿನಂತೆ 2021ರಲ್ಲಿ ಶೇ 13ರಷ್ಟಿದ್ದ ಬಡತನ ಒಂದೇ ವರ್ಷದಲ್ಲಿ ಶೇ 25ಕ್ಕೆ ಏರಿತು.

ಆಳುವವರ ತಪ್ಪೂ ಇತ್ತು, ನಿಜ. 2019ರಲ್ಲಿ ತೆರಿಗೆ ಇಳಿಸಿದರು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದರು. ಕೋವಿಡ್ ಬಂದು ಪ್ರವಾಸಿಗರು ಬರುವುದೂ ನಿಂತಿತು. ಆದರೆ ಸಾಲ ಜಾಸ್ತಿಯಾದ ದೇಶವೆಲ್ಲ ಮುಳುಗುತ್ತದೆ ಅನ್ನೋದು ಪೂರ್ತಿ ಸರಿಯಲ್ಲ. ಜಪಾನ್ ಸರ್ಕಾರದ ಸಾಲ ಅದರ ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ, ಎರಡು ಪಟ್ಟಿಗಿಂತ ಹೆಚ್ಚು. ಆದರೆ ಆ ಸಾಲ ಅದರ ಸ್ವಂತ ನಾಣ್ಯವಾದ ಯೆನ್‌ನಲ್ಲಿದೆ, ಹೆಚ್ಚಿನದು ಜಪಾನಿನವರದ್ದೇ ದುಡ್ಡು. ಬಡ ದೇಶದ ನಾಣ್ಯವನ್ನು ಹೊರಗಿನವರು ನಂಬುವುದಿಲ್ಲ, ಹಾಗಾಗಿ ಅದರಲ್ಲಿ ಸಾಲ ಕೊಡುವವರು ಕಡಿಮೆ. ಡಾಲರ್ ಇಲ್ಲದ ಕಷ್ಟ ನಮಗೂ ಗೊತ್ತು. 1991ರಲ್ಲಿ ಭಾರತ 47 ಟನ್ ಚಿನ್ನವನ್ನು ವಿದೇಶದಲ್ಲಿ ಅಡವಿಟ್ಟಿತ್ತು.

2023ರ ವಿಶ್ವಸಂಸ್ಥೆಯ ವರದಿಯ ಪ್ರಕಾರ, 330 ಕೋಟಿ ಜನ ಇರುವ ದೇಶಗಳಲ್ಲಿ ಸರ್ಕಾರಗಳು ಶಿಕ್ಷಣಕ್ಕೋ ಆರೋಗ್ಯಕ್ಕೋ ಕೊಡುವುದಕ್ಕಿಂತ ಬಡ್ಡಿಗೆ ಹೆಚ್ಚು ಕೊಡುತ್ತಿವೆ. ಸಾಲದ ಪತ್ರಕ್ಕೆ ಸಹಿ ಹಾಕಿದವರು ಒಬ್ಬರು, ಆಸ್ಪತ್ರೆಯಲ್ಲಿ ಔಷಧಿ ಸಿಗದೆ ವಾಪಸಾಗುವವರು ಇನ್ನೊಬ್ಬರು. ಇದು ಅನ್ಯಾಯ ಅಲ್ವಾ?

ಕಂಪನಿ ದಿವಾಳಿಯಾದರೆ ಕೋರ್ಟ್ ಇದೆ. ದೇಶಕ್ಕೆ ಅಂಥ ಕೋರ್ಟ್ ಇಲ್ಲ. ಸಾಲ ಕೊಟ್ಟ ಒಬ್ಬೊಬ್ಬರ ಜೊತೆಗೂ ಕೂತು ಮಾತಾಡಬೇಕು. ಆಫ್ರಿಕಾದ ಜಾಂಬಿಯಾ 2020ರಲ್ಲಿ ಕಂತು ತಪ್ಪಿಸಿತು. ಅದರ ಬಾಂಡ್ (ಸಾಲಪತ್ರ) ಕೊಂಡವರ ಜೊತೆ ಅದರ ಒಪ್ಪಂದ ಮುಗಿದದ್ದು 2024ರಲ್ಲಿ.